ಯೂನಿವರ್ಸಿಟಿ ಗದ್ದೆ

ಹೋದ ತಿಂಗಳು ಅರಕೆರೆಗೆ ಒಂದು ಮದುವೆಗೆ ಹೋಗುತ್ತಿದ್ದೆ. ಶ್ರೀರಂಗಪಟ್ಟಣದಲ್ಲಿ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತಿದ್ದೆ. ದಾರಿಯಲ್ಲಿ ಯಾರೋ ಡೀಸೆಲ್ ಪಂಪಿಟ್ಟು ಗದ್ದೆಯ ನೀರನ್ನು ಆಚೆಗೆ ಎತ್ತಿ ಹಾಕುತ್ತಿದ್ದರು. ಈಗೆಲ್ಲ ಕರೆಂಟಿನ ಮೋಟಾರು, ಡೀಸೆಲ್ ಪಂಪು ಕಣ್ಣಿಗೆ ಬೀಳುವುದೇ ಅಪರೂಪ. ಸುಟ್ಟ ಡೀಸೆಲ್ಲೂ ಹಸಿ ಕೆಸರೂ ಬೆರೆತ ಆ ವಾಸನೆ ಬಸ್ಸಿನೊಳಕ್ಕೆ ಬಂದ ಕೂಡಲೇ ನನಗೆ ಸೊಂಟ ಹಿಡಿದಂತಾಯಿತು. ಪಕ್ಕದಲ್ಲಿದ್ದವರು ಏನಾಯಿತು ಅಂತ ಕೇಳಿದರು. ಏನಿಲ್ಲ, ಹಳೇ ಕೆಲಸ ಅಂದೆ.

ಅದು ತೊಂಬತ್ತರ ದಶಕದ ನಡುವಿನ ಒಂದು ವರ್ಷ. ನಮ್ಮೂರ ಗದ್ದೆ ಬಯಲಿನ ತುದಿಯಲ್ಲಿ ಪಾದ್ರಿಗಳು ಒಂದು ಕಾಲೇಜು ಕಟ್ಟಿದ್ದರು. ಹೆಂಚಿನ ಕಟ್ಟಡ ಎರಡು, ಒಂದು ಹಾಸ್ಟೆಲು, ಒಂದು ಚಿಕ್ಕ ಚರ್ಚು, ಅಷ್ಟೇ. ಓದುವ ಹುಡುಗರು ನೂರು ಜನವೂ ಇರಲಿಲ್ಲ. ಜಾಗ ಕೊಳ್ಳುವಾಗ, ಇದು ಮುಂದೆ ನಮ್ಮ ಸಭೆಯವರೇ ನಡೆಸುವ ಯೂನಿವರ್ಸಿಟಿ ಆಗುತ್ತದೆ ಅಂತ ಒಬ್ಬ ದೊಡ್ಡ ಪಾದ್ರಿ ಊರವರ ಮುಂದೆ ಹೇಳಿದ್ದರಂತೆ. ಅದು ಆಗಲಿಲ್ಲ. ಆದರೆ ಊರಿನ ಬಾಯಿಗೆ ಅಂದಿನಿಂದಲೇ ಅದು ಯೂನಿವರ್ಸಿಟಿ. ಹಾಲು ಹಾಕಿ ಬರುವವನೂ ಯೂನಿವರ್ಸಿಟಿಗೆ ಹೋಗಿದ್ದೆ ಅನ್ನುತ್ತಿದ್ದ.

ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಬಿಡಿಸಿದ್ದಲ್ಲ, ನಾನೇ ಬಿಟ್ಟೆ. ಅಪ್ಪ ಹಾಸಿಗೆ ಹಿಡಿದಿದ್ದ, ನೇಗಿಲು ಹಿಡಿಯುವ ಕೈ ಒಂದು ಕಡಿಮೆಯಾಗಿತ್ತು. ಅಪ್ಪ ತೀರಿಕೊಂಡ ಮೇಲೆ ಜಮೀನೆಲ್ಲ ಅಣ್ಣನ ಯಜಮಾನಿಕೆಗೆ ಬಂತು. ಇದ್ದದ್ದೇ ಸ್ವಲ್ಪ, ಭಾಗ ಮಾಡಿದರೆ ಇಬ್ಬರಿಗೂ ಸಾಲದು ಅಂತ ಹಿರಿಯರು ಒಟ್ಟಿಗಿರಿ ಅಂದಿದ್ದರು. ಇದ್ದೆವು. ನಾನು ದುಡಿದೆ, ಅಣ್ಣ ಲೆಕ್ಕ ನೋಡಿಕೊಂಡ. ನನಗೆ ಮದುವೆಯಾಯಿತು, ಸಾಕಮ್ಮ ಬಂದಳು. ಒಂದು ವರ್ಷ ನಾಟಿಯ ದಿನ, ಬದುವಿನ ಮೇಲೆ ಎಲ್ಲರೂ ಊಟಕ್ಕೆ ಕೂತಿದ್ದಾಗ, ಪೈರು ತಡವಾಯಿತೆಂಬ ಸಿಟ್ಟನ್ನು ಅಣ್ಣ ನನ್ನ ಮೇಲೆ ತೀರಿಸಿಕೊಂಡ. ನಾಟಿ ಹೆಂಗಸರೆಲ್ಲ ಕೇಳುವಂತೆ, "ತಿನ್ನಕ್ಕಾದ್ರೆ ಮುಂದೆ ಬಂದು ಕೂತ್ಕತಾನೆ. ನನ್ ಮನೆ ಮುದ್ದೆ ಕಣ್ಲಾ ಅದು" ಅಂದ. ನಾನು ಅರ್ಧ ಮುದ್ದೆ ಬಿಟ್ಟೆದ್ದು ಕಾಲುವೆಯಲ್ಲಿ ಕೈ ತೊಳೆದುಕೊಂಡೆ. ಸಂಜೆಯವರೆಗೂ ಕೆಲಸ ಮಾಡಿದೆ, ಪೈರು ಹೊತ್ತು ಹಾಕಿ ಮುಗಿಸಿದೆ. ಆಮೇಲೆ ಸಾಕಮ್ಮನನ್ನು ಕರೆದುಕೊಂಡು ಊರಾಚೆಯ ಒಂದು ಒಂಟಿ ಕೋಣೆಗೆ ಬಂದುಬಿಟ್ಟೆ. ಇನ್ನು ಆ ಅಂಗಳಕ್ಕೆ ಕೈ ಚಾಚಿಕೊಂಡು ಹೋಗಿ ನಿಲ್ಲುವುದಿಲ್ಲ ಅಂತ ಅವಳ ಎದುರಿಗೇ ಹೇಳಿದೆ. ಅವಳು ಪಾತ್ರೆ ಇಳಿಸಿಟ್ಟು, "ಅದು ಸರಿ. ನಾಳೀಕೆ ರಾಗಿ ಯಾರ್ ಕೊಟ್ಟಾರು?" ಅಂದಳು.

ರಾಗಿ ಕೊಟ್ಟದ್ದು ಫುಟ್‌ಬಾಲು. ಕಾಲೇಜಿನಲ್ಲಿ ಆಟದ ವ್ಯವಹಾರ ನೋಡಿಕೊಳ್ಳುತ್ತಿದ್ದವರು ಫಾದರ್ ಸಿರಿಲ್. ಮಂಗಳೂರಿನ ಕಡೆಯವರು, ಸಣಕಲು ಮೈ, ಪುಸ್ತಕದ ಕನ್ನಡ. ನಮ್ಮ ಕಡೆ ಆಟವೆಂದರೆ ಕಬಡ್ಡಿ, ಅದು ಬಿಟ್ಟರೆ ವಾಲಿಬಾಲು. ಅವರಿಗೆ ಮಾತ್ರ ಫುಟ್‌ಬಾಲೇ ಆಗಬೇಕು. ಕೇರಳದಿಂದ, ಕೋಲಾರದ ಗಣಿಯ ಕಡೆಯಿಂದ, ಇನ್ನೂ ದೂರದ ಬೆಟ್ಟದ ಸೀಮೆಗಳಿಂದ ಬಂದಿದ್ದ ಹುಡುಗರಿಗೆ ಆ ಆಟದ ಹುಚ್ಚು. ಕಾಲೇಜಿನ ಹಿಂದೆ ಮೂರೆಕರೆ ಹಳೇ ಗದ್ದೆ ಬೀಳು ಬಿದ್ದಿತ್ತು. ಅದನ್ನೇ ಮೈದಾನ ಅನ್ನುತ್ತಿದ್ದರು. ಒಂದು ಕಡೆ ತಗ್ಗು, ಒಂದು ಕಡೆ ದಿಬ್ಬ, ನಡುವೆ ಇಲಿ ಬಿಲ. ಫಾದರು ನನ್ನನ್ನು ಕೂಲಿಯ ಮೇಲೆ ತೆಗೆದುಕೊಂಡರು. ಮೇಲಿನವರಿಗೆ ಈ ಮೂರೆಕರೆಯ ಮೇಲೆ ಕಣ್ಣಿದೆ, ನೀರಾವರಿ ಭೂಮಿಯಲ್ಲಿ ಚೆಂಡಾಡುವುದು ದಂಡ ಎನ್ನುತ್ತಿದ್ದಾರೆ ಅಂದರು. ದಸರಾ ಕಳೆದ ಮೇಲೆ ಸುತ್ತಲ ತಾಲ್ಲೂಕುಗಳ ತಂಡಗಳನ್ನು ಕರೆಸಿ ಒಂದು ಪಂದ್ಯಾವಳಿ ಮಾಡಿಸುತ್ತೇನೆ, ಆಗ ಅವರೂ ಬಂದು ನೋಡುತ್ತಾರೆ, ಮೈದಾನ ಉಳಿದರೆ ನಿಮ್ಮ ಕೆಲಸ ಖಾಯಂ, ಹೋದರೆ ನನ್ನ ಕೈಯಲ್ಲಿ ಏನೂ ಇಲ್ಲ ಅಂತ ಬಿಡಿಸಿ ಹೇಳಿದರು. ಬಿಡಿಸಿ ಹೇಳಿದ್ದಕ್ಕೆ ನನಗೆ ಆ ಮನುಷ್ಯನ ಮೇಲೆ ಗೌರವ ಬಂತು.

ಕೆಲಸ ಶುರು ಮಾಡಿದ್ದು ಸುಗ್ಗಿ ಮುಗಿದು ನಾಲೆ ನಿಲ್ಲಿಸುವ ಮುಂಚೆ. ನಾಲೆಯ ನೀರನ್ನು ಗದ್ದೆಗದ್ದೆಗೆ ಹಂಚುವ ನೀರುಗಂಟಿ ಮರಿಯಪ್ಪನನ್ನು ಹಿಡಿದೆ. ವಯಸ್ಸಾದವನು, ಬಾಯಲ್ಲಿ ಸದಾ ಎಲೆಅಡಿಕೆ. ಕೊನೆಯ ಸರದಿಯ ನೀರನ್ನು ಆ ಮೂರೆಕರೆಗೆ ತಿರುಗಿಸಿಕೊಟ್ಟ. ನೆಲವನ್ನು ಮಟ್ಟ ಮಾಡುವುದು ಹೇಗೆಂದು ನಮ್ಮ ಬಯಲಿನಲ್ಲಿ ಯಾರನ್ನೂ ಕೇಳಬೇಕಾಗಿಲ್ಲ. ಸುತ್ತ ಬದು ಕಟ್ಟಿ, ನೀರು ನಿಲ್ಲಿಸಿ, ಉತ್ತು ಕೆಸರು ಮಾಡಿ, ಎತ್ತಿಗೆ ಹಲಗೆ ಕಟ್ಟಿ ಎಳೆಯಬೇಕು. ನೀರು ಎಲ್ಲಿ ಕಡಿಮೆಯೋ ಅಲ್ಲಿ ದಿಬ್ಬ, ಎಲ್ಲಿ ಹೆಚ್ಚೋ ಅಲ್ಲಿ ತಗ್ಗು. ನೀರೇ ತೋರಿಸುತ್ತದೆ. ದಿನವಿಡೀ ಹಲಗೆಯ ಮೇಲೆ ನಿಂತು ಬಾಡಿಗೆ ಎತ್ತು ಹೊಡೆದೆ. ಮೊಣಕಾಲವರೆಗಿನ ಕೆಸರಿನಲ್ಲಿ ತಿರುಗಿ ತಿರುಗಿ, ರಾತ್ರಿ ಮಲಗಿದರೂ ಕಾಲ ಕೆಳಗೆ ನೆಲ ಜಾರುತ್ತಿತ್ತು. ಹಾದಿಯಲ್ಲಿ ಹೋಗುವವರು ನಿಂತು, ಯೂನಿವರ್ಸಿಟಿಯೋರು ಈ ಸಲ ಭತ್ತಕ್ಕೆ ಪರೀಕ್ಷೆ ಕಟ್ಟವ್ರಂತೆ ಅಂತ ನಗುತ್ತಿದ್ದರು.

ಫಾದರು ಒಂದು ದಿನ ಬದುವಿನ ಮೇಲೆ ನಿಂತು, ಮೈದಾನದ ನಡುಭಾಗ ಕೊಂಚ ಎತ್ತರವಿರಬೇಕು ಎಂದು ಎಲ್ಲೋ ಓದಿದ ನೆನಪು ಅಂದರು. ಮರಿಯಪ್ಪ ಎಲೆ ಉಗಿದು, "ಸ್ವಾಮೇರಾ, ಮದ್ಯ ಎತ್ರ ಬುಟ್ರೆ ಅಲ್ಲಿ ನೀರೇ ನಿಲ್ಲಾಕಿಲ್ಲ" ಅಂದ. ಅವನು ಹೇಳಿದ ಗತ್ತಿಗೆ ಫಾದರು ಹೌದೇನೋ ಎಂಬಂತೆ ತಲೆಯಾಡಿಸಿ ಹೊರಟುಹೋದರು. ನನಗೂ ಆ ಮಾತು ಸರಿಯಾಗಿಯೇ ಕಂಡಿತು. ಮಧ್ಯದಲ್ಲಿ ದಿಬ್ಬ ಬಿಟ್ಟವನನ್ನು ನಮ್ಮಲ್ಲಿ ಬೇಸಾಯಗಾರ ಅನ್ನುವುದಿಲ್ಲ.

ನೆಲ ಒಣಗಿತು. ಬಿರುಕು ಬಿಟ್ಟ ಕಡೆ ಮರಳು, ಗೊಬ್ಬರ ತುಂಬಿದೆ. ಉರುಳುಗಲ್ಲು ಎಳೆದೆ. ನಾಲೆ ಏರಿಯಿಂದ ಗರಿಕೆ ಕಿತ್ತು ತಂದು ನೆಟ್ಟು, ಬೇಸಿಗೆಯೆಲ್ಲ ಬಾವಿಯಿಂದ ಕೊಡದಲ್ಲಿ ನೀರು ಹೊತ್ತು ಹಾಕಿದೆ. ಸಾಕಮ್ಮನೂ ಹೊತ್ತಳು, ಅವಳಿಗೆ ಕೂಲಿ ಇರಲಿಲ್ಲ. ಹುಡುಗರ ಕ್ಯಾಪ್ಟನ್ನು ಆರೋಗ್ಯರಾಜ್ ಎಂಬವನು. ಅವನ ಅಪ್ಪ ಕೋಲಾರದ ಗಣಿಯಲ್ಲಿ ಭೂಮಿಯ ಕೆಳಗೆ ದುಡಿದವನು. ಅವನೊಂದು ಸಂಜೆ ಚೆಂಡನ್ನು ಈ ಗೋಲಿನಿಂದ ಮೆಲ್ಲಗೆ ತಳ್ಳಿದ. ಅದು ಗೆರೆ ಎಳೆದಂತೆ ಹೋಗಿ ನಡುಮೈದಾನ ದಾಟಿ ನಿಂತಿತು. ಓಡಿ ಬಂದು ನನ್ನ ಹೆಗಲ ಮೇಲೆ ಕೈ ಹಾಕಿ, "ಅಣ್ಣೆ, ಈ ಗ್ರೌಂಡಲ್ಲಿ ಬಾಲು ಹೇಳಿದ್ ಮಾತು ಕೇಳುತ್ತೆ" ಅಂದ. ಸುತ್ತಲ ಬದುವನ್ನು ನಾನು ಹಾಗೇ ಉಳಿಸಿದ್ದೆ. ಚೆಂಡು ಆಚೆ ಹೋಗುತ್ತಿರಲಿಲ್ಲ, ನೋಡುವವರಿಗೆ ಕೂರಲು ಜಾಗವೂ ಆಯಿತು. ಆ ಬೇಸಿಗೆಯಲ್ಲಿ ಆಟವನ್ನು ನಾನೂ ಕಲಿತೆ. ಆಡಲು ಅಲ್ಲ, ನೋಡಲು. ಯಾರು ಚೆಂಡು ಬಿಟ್ಟುಕೊಟ್ಟು ದೊಡ್ಡವನಾಗುತ್ತಾನೆ, ಯಾರು ಹಿಡಿದಿಟ್ಟುಕೊಂಡು ಕೆಡಿಸುತ್ತಾನೆ ಅನ್ನುವುದು ತಿಳಿಯಿತು. ದಣಿವು ಇರುತ್ತಿತ್ತು. ಆದರೂ ಸಂಜೆ ಆಟ ಮುಗಿದು ಗೋಲಿನ ಬಲೆ ಬಿಚ್ಚಿ ಮಡಿಸುವವರೆಗೆ ಮನೆಗೆ ಹೋಗುತ್ತಿರಲಿಲ್ಲ.

ಮುಂಗಾರು ಆ ವರ್ಷ ಬಡವಾಗಿ ಬಂತು, ನೆಲ ತಡೆದುಕೊಂಡಿತು. ದಸರಾ ಮುಗಿದ ಮೇಲೆ, ಶನಿವಾರ ಪಂದ್ಯ ಅನ್ನುವ ವಾರದ ಶುರುವಿನಲ್ಲಿ ಮಳೆ ಹಿಡಿಯಿತು. ಬಿಟ್ಟೂಬಿಡದೆ ಸುರಿದು ಗುರುವಾರ ಬೆಳಿಗ್ಗೆ ನಿಂತಿತು. ಹೋಗಿ ನೋಡಿದರೆ ಮೈದಾನವಿರಲಿಲ್ಲ. ಬದುವಿನಿಂದ ಬದುವಿಗೆ ಒಂದೇ ಸಮನೆ ನೀರು, ಗೋಲಿನ ಕಂಬಗಳು ಅದರಲ್ಲಿ ನಿಂತಿದ್ದವು. ಒಂದು ಗರಿಕೆಯ ತುದಿಯೂ ಹೊರಗೆ ಕಾಣುತ್ತಿರಲಿಲ್ಲ. ಕೆಸರು ಮಾಡಿ ಹಲಗೆ ಹೊಡೆದ ನೆಲ ತೊಟ್ಟು ನೀರನ್ನೂ ಕೆಳಕ್ಕೆ ಬಿಡುವುದಿಲ್ಲ. ಗದ್ದೆಯೆಂದರೆ ಅದೇ ಅಲ್ಲವೇ. ಅದಾಗಲೇ ಎರಡು ಕೊಕ್ಕರೆ ಬಂದು ಪೆನಾಲ್ಟಿ ಒದೆಯುವ ಜಾಗದಲ್ಲಿ ನಿಂತಿದ್ದವು.

ಬದು ಒಡೆದೆ. ಸ್ವಲ್ಪ ಹರಿದು ನಿಂತುಬಿಟ್ಟಿತು. ಸುತ್ತಲಿನ ಗದ್ದೆಗಳೂ ತುಂಬಿ ನಿಂತಿದ್ದವು, ನೀರಿಗೆ ಹೋಗಲು ತಾವಿರಲಿಲ್ಲ. ಆರೋಗ್ಯರಾಜ್ ಹುಡುಗರನ್ನೆಲ್ಲ ಕರೆತಂದ. ಮೆಸ್ಸಿನ ಅನ್ನದ ಹಂಡೆ, ಸಾರಿನ ಪಾತ್ರೆ, ಸ್ನಾನದ ಬಕೆಟ್ಟು ಹಿಡಿದುಕೊಂಡು ಮೊಗೆದರು. ಅಷ್ಟು ನೀರಿಗೆ ಅದು ಎಲ್ಲಿ ಸಾಕು. ಮಧ್ಯಾಹ್ನದ ಹೊತ್ತಿಗೆ ಸುಸ್ತಾಗಿ ಬದುವಿನ ಮೇಲೆ ಸಾಲಾಗಿ ಕೂತರು. "ಅಣ್ಣೆ, ಮ್ಯಾಚ್ ಕ್ಯಾನ್ಸಲ್ ಮಾಡಿ ನಾಟಿ ಹಾಕ್ಬುಡಾಣ" ಅಂತ ಆರೋಗ್ಯರಾಜ್ ಅಂದ. ಯಾರೂ ನಗಲಿಲ್ಲ, ಅವನೂ ನಗಲಿಲ್ಲ. ಫಾದರು ಕೊಡೆ ಊರಿಕೊಂಡು ನಿಂತಿದ್ದರು. ನಡುಭಾಗ ಎತ್ತರವಿರಬೇಕಿತ್ತು ಅಂತ ಅವರು ಅನ್ನಬಹುದಿತ್ತು. ಅನ್ನಲಿಲ್ಲ.

ಮರಿಯಪ್ಪ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ. ನೀರನ್ನು ಎತ್ತಿ ಮೇಲಿನ ಕಾಲುವೆಗೆ ಹಾಕದೆ ಬೇರೆ ದಾರಿಯಿಲ್ಲ. ಅದಕ್ಕೆ ಡೀಸೆಲ್ ಪಂಪು ಬೇಕು. ಈ ಬಯಲಿನಲ್ಲಿ ಈಗ ಖಾಲಿ ಇರುವುದು ಒಂದೇ. ಯಾರದೆಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಪಂಪು ಕೇಳದಿದ್ದರೆ ಮೈದಾನ ಹೋಗುತ್ತದೆ, ಕೆಲಸ ಹೋಗುತ್ತದೆ, ಕೊನೆಗೆ ರಾಗಿಗಾಗಿ ಅದೇ ಅಂಗಳಕ್ಕೆ ಹೋಗಬೇಕು. ಕೇಳಿದರೆ ಇವತ್ತೇ ಹೋಗಿ ನಿಲ್ಲಬೇಕು. ಮನೆಗೆ ಹೋಗಿ ಕೆಸರು ತೊಳೆದುಕೊಂಡು ಒಗೆದ ಅಂಗಿ ಹಾಕಿಕೊಂಡೆ. ಸಾಕಮ್ಮ ನೋಡಿದಳು. ಕಾಲರಿನ ಹತ್ತಿರ ಮಡಚಿದ್ದನ್ನು ಸರಿಮಾಡಿ ಕಳಿಸಿದಳು.

ಅಣ್ಣ ಕೊಟ್ಟಿಗೆಯ ಮುಂದೆ ಹಸುವಿಗೆ ಹುಲ್ಲು ಉದುರಿಸುತ್ತಿದ್ದ. ತಲೆಯೆತ್ತಿ ನೋಡಿ ಮತ್ತೆ ಹುಲ್ಲಿನ ಕಡೆ ತಿರುಗಿದ.

"ಏನು?"

"ಪಂಪು ಬೇಕಾಗಿತ್ತು."

"ಯಾವುದಕ್ಕೆ?"

"ಮೈದಾನಕ್ಕೆ. ನೀರು ನಿಂತ್ಬುಟ್ಟದೆ."

"ಮೈದಾನ ನಿಂದೇನ್ಲಾ?"

"ನೋಡ್ಕಳೋನು ನಾನು" ಅಂದೆ.

ಅವನು ಉಳಿದ ಹುಲ್ಲನ್ನೂ ಬಿಡಿಸಿ ಬಿಡಿಸಿ ಹಾಕಿದ. ಬಾಗಿಲಿನಿಂದ ಅತ್ತಿಗೆ, ಒಳಕ್ ಬಾ ಜವರಾ, ಕಾಪಿ ಕುಡಿ ಅಂದರು. ಹೊತ್ತಾಯಿತು ಅಂದೆ. ಅಂಗಳದಲ್ಲಿ ನಿಂತೇ ಇದ್ದೆ. ಹಿಂದಿನ ಜಗಳದ ಮಾತು ಎತ್ತಿದ್ದರೆ ಹೊರಟುಬಿಡುತ್ತಿದ್ದೆನೋ ಏನೋ. ಅಣ್ಣ ಕೈ ಕೊಡವಿಕೊಂಡು ಎದ್ದ. "ಅದು ನಿನ್ ಕೈಲಿ ಸ್ಟಾರ್ಟ್ ಆಗಾಕಿಲ್ಲ, ಈಗೀಗ ಮೊಂಡಾಟ ಆಡ್ತದೆ. ಗಾಡಿ ಕಟ್ಟು, ಬತ್ತೀನಿ."

ಗಾಡಿಯಲ್ಲಿ ಇಬ್ಬರೂ ಮುಂದೆ ಕೂತು ಹೋದೆವು. ಎತ್ತುಗಳು ನಾನು ಸಾಕಿದವು, ನನ್ನ ದನಿ ಕೇಳಿ ಕಿವಿ ನಿಮಿರಿಸಿದವು. ಅಣ್ಣ ಬದುವಿನ ಮೇಲೆ ಪಂಪಿಟ್ಟು, ಗಾಳಿ ಹೊಗದಂತೆ ಪೈಪಿನ ಸಂದಿಗೆ ಸಗಣಿ ಮೆತ್ತಿ, ಹ್ಯಾಂಡಲು ತಿರುಗಿಸಿ ತಿರುಗಿಸಿ ಕೊನೆಗೂ ಚಾಲು ಮಾಡಿದ. ಹೊಗೆ ಬಂತು, ಆಮೇಲೆ ನೀರು ಬಂತು. ಹುಡುಗರು ಚಪ್ಪಾಳೆ ತಟ್ಟಿದರು. ಅಣ್ಣನಿಗೆ ಯಾರೂ ಎಂದೂ ಚಪ್ಪಾಳೆ ತಟ್ಟಿದವರಿಲ್ಲ. ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಆ ಕಡೆ ತಿರುಗಿ ನಿಂತ. ಪಂಪು ಓಡುತ್ತಿರುವಾಗ ಅವನೊಂದು ಒಣ ಕಡ್ಡಿ ಹಿಡಿದುಕೊಂಡು ಮೈದಾನದೊಳಕ್ಕೆ ಇಳಿದ. ಮೂಲೆಯಲ್ಲಿ ಊರಿ ಎತ್ತಿ ನೀರಿನ ಗುರುತು ನೋಡಿದ. ನಡುವೆ ಹೋಗಿ ನೋಡಿದ. ಇನ್ನೊಂದು ಮೂಲೆಗೂ ಹೋದ. ಹಾಗೇ ಸುತ್ತ ತಿರುಗಿ ಬಂದು ಕಡ್ಡಿ ಎಸೆದು, ಡೀಸೆಲ್ಲು ತಾ ಅಂತ ಮಾತ್ರ ಹೇಳಿದ.

ಶುಕ್ರವಾರ ಇಳಿಹೊತ್ತಿನವರೆಗೂ ಪಂಪು ಓಡಿತು. ಅಣ್ಣ ಊಟಕ್ಕೆ ಮನೆಗೆ ಹೋಗಿ ಬಂದು ಮತ್ತೆ ಅಲ್ಲೇ ಕೂರುತ್ತಿದ್ದ. ನೀರು ಇಳಿದ ಮೇಲೆ ಉಳಿದದ್ದು ಅಂಟು ಕೆಸರು. ಅಕ್ಕಿ ಮಿಲ್ಲಿನಿಂದ ಹೊಟ್ಟು ತಂದು ಮೂಟೆಗಟ್ಟಲೆ ಸುರಿದು ಹರಡಿದೆ. ಸುಣ್ಣದ ಗೆರೆ ಎಳೆದರೆ ಕೆಸರು ನುಂಗಿತು, ಮತ್ತೆ ಎಳೆದೆ. ನನ್ನ ಕೈಯೆಲ್ಲ ಸುಣ್ಣಕ್ಕೆ ಬಿರಿದಿತ್ತು.

ಶನಿವಾರ ತಂಡಗಳು ಬಂದವು. ಪಾಂಡವಪುರದವರು, ಕೆ.ಆರ್. ಪೇಟೆಯವರು, ನಾಗಮಂಗಲದವರು. ಪೇಟೆಯ ಹುಡುಗರು ಕಬಡ್ಡಿ ಚಡ್ಡಿಯಲ್ಲೇ ಬಂದಿದ್ದರು. ನಾಗಮಂಗಲದ್ದು ಮಳೆ ನಂಬಿದ ಬಯಲುಸೀಮೆ. ಅವರ ಜೊತೆ ಬಂದ ಮೇಷ್ಟರು ಮೈದಾನವನ್ನೂ, ಸುತ್ತಲ ತುಂಬಿದ ಗದ್ದೆಗಳನ್ನೂ ನೋಡಿ, "ನಮ್ಮೂರಲ್ಲಿ ಕುಡಿಯಕ್ಕೇ ಇಷ್ಟು ನೀರಿಲ್ಲ ಕಣಪ್ಪ, ನೀವು ಇದ್ರಲ್ಲಿ ಚೆಂಡಾಡ್ತೀರಾ" ಅಂದರು. ಊರಿನ ಜನವೂ ಬಂದು ಬದು ತುಂಬ ಕೂತಿದ್ದರು. ಅವರಿಗೆ ಆಟ ಗೊತ್ತಿರಲಿಲ್ಲ, ಯಾರು ಜಾರಿ ಬಿದ್ದರೂ ಕೂಗುತ್ತಿದ್ದರು. ಕಾಲೇಜಿನ ಮೇಲಿನವರಲ್ಲಿ ಒಬ್ಬರು ಪ್ಯಾಂಟು ಮಡಚಿಕೊಂಡು ಕುರ್ಚಿಯಲ್ಲಿ ಕೂತಿದ್ದರು. ಕುರ್ಚಿಯ ಕಾಲು ಮೆಲ್ಲಗೆ ಹೂತುಕೊಳ್ಳುತ್ತಿತ್ತು.

ನಮ್ಮ ಹುಡುಗರು ಪೇಟೆಯವರನ್ನು ಗೆದ್ದರು. ಕೊನೆಯ ಪಂದ್ಯ ಪಾಂಡವಪುರದವರ ಮೇಲೆ. ಅವರು ಗಟ್ಟಿ ಆಳುಗಳು, ಚೆಂಡನ್ನು ನೆಲಕ್ಕೆ ಬಿಡದೆ ಮೇಲೆ ಮೇಲೆ ಒದ್ದು ಆಡಿದರು. ನಮ್ಮವರು ಬೇಸಿಗೆಯೆಲ್ಲ ಕಲಿತದ್ದು ನೆಲದ ಮೇಲೆ ಉರುಳಿಸಿ ಆಡುವ ಆಟ. ಚೆಂಡು ಉರುಳದು. ತಳ್ಳಿದ ಕಡೆಯೇ ನಿಲ್ಲುತ್ತಿತ್ತು. ಅವರೊಂದು ಗೋಲು ಹಾಕಿದರು. ಮುಗಿಯುವ ಹೊತ್ತಿಗೆ ಆರೋಗ್ಯರಾಜ್ ಇಬ್ಬರನ್ನು ದಾಟಿ, ಗೋಲ್‌ಕೀಪರನನ್ನೂ ದಾಟಿ ಮೆಲ್ಲಗೆ ತಳ್ಳಿದ. ಎದುರಿಗೆ ಖಾಲಿ ಗೋಲು. ಚೆಂಡು ಹೋಗಿ ಗೆರೆಯ ಈಚೆ, ಒಂದು ಮೊಳದಷ್ಟು ದೂರದಲ್ಲಿ ಹೊಟ್ಟಿನೊಳಗೆ ಕೂತುಬಿಟ್ಟಿತು. ಅವನು ಓಡಿಬಂದು ಒದ್ದ. ಕೆಸರು ಹಾರಿ ಬಲೆಗೆ ಬಡಿಯಿತು, ಚೆಂಡು ಅಲ್ಲೇ ಇತ್ತು. ಅಷ್ಟರಲ್ಲಿ ಅವರು ಬಂದು ಆಚೆ ಒದ್ದರು. ಆಟ ಮುಗಿದ ಸೀಟಿ ಕೇಳಿತು. ಅವನು ಅಲ್ಲೇ ಮಂಡಿಯೂರಿ ಕೂತ. ನಾನು ಹೋಗಿ ಎಬ್ಬಿಸಿದೆ. "ಬಾಲು ನಿನ್ ಮಾತು ಕೇಳ್ತು. ನೆಲ ಕೇಳ್ಲಿಲ್ಲ" ಅಂದೆ.

ಕ್ರಿಸ್‌ಮಸ್ ಕಳೆದ ಮೇಲೆ ಫಾದರು ನನ್ನನ್ನು ಕರೆಸಿ ಕೂರಿಸಿದರು. ಮೈದಾನವನ್ನು ಬೇಸಾಯಕ್ಕೆ ಗುತ್ತಿಗೆ ಕೊಡುವುದೆಂದು ತೀರ್ಮಾನವಾಗಿದೆ ಅಂದರು. ನಿಮ್ಮ ಕೆಲಸದಲ್ಲಿ ಕೊರತೆ ಇರಲಿಲ್ಲ ಜವರ, ಅಂದು ಕನ್ನಡಕ ಒರೆಸಿಕೊಂಡರು. ಅವರು ಅತ್ತಿದ್ದರೋ ಇಲ್ಲವೋ ನಾನು ನೋಡಲು ಹೋಗಲಿಲ್ಲ. ಮೆಸ್ಸಿನಲ್ಲಿ ಸೌದೆ ಒಡೆಯುವ ಕೆಲಸವಿದೆ ಅಂದರು. ಅದು ಮೆಸ್ಸಿನ ಮುದುಕನ ಕೆಲಸ, ಅವನನ್ನು ಬಿಡಿಸಿ ನನಗೆ ಬೇಡ ಅಂದೆ. ಆರೋಗ್ಯರಾಜ್ ಪರೀಕ್ಷೆ ಮುಗಿಸಿ ಹೊರಡುವ ದಿನ ನಮ್ಮ ಕೋಣೆಗೆ ಬಂದು ಸಾಕಮ್ಮನ ಕೈಯ ಮುದ್ದೆ ಉಂಡು ಹೋದ. ನುಂಗಲು ಬರುತ್ತಿರಲಿಲ್ಲ, ಅಗಿದು ತಿಂದ.

ಗುತ್ತಿಗೆ ಹಿಡಿದವನು ಅಣ್ಣ.

ಬೇಸಿಗೆಯ ಒಂದು ಸಂಜೆ ಅವನೇ ನಮ್ಮ ಕೋಣೆಯ ಮುಂದೆ ಬಂದು ನಿಂತ. ಸಾಕಮ್ಮ ಚಾಪೆ ಹಾಸಿದಳು, ಕೂರಲಿಲ್ಲ. ದಾರಿಯ ಕಡೆ ನೋಡಿಕೊಂಡು, "ಯೂನಿವರ್ಸಿಟಿ ಗದ್ದೆ ಹಿಡಿದಿವ್ನಿ. ನೀನೇ ಮಾಡು, ಬಂದಿದ್ರಲ್ಲಿ ಅರ್ಧ ತಕೋ" ಅಂದ. ಮೈದಾನವನ್ನು ಗದ್ದೆ ಅಂತ ಕರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಒಲ್ಲೆ ಅಂತ ಬಾಯಿಗೆ ಬಂತು. ಬೇರೆಯವನು ಆ ನೆಲಕ್ಕೆ ನೇಗಿಲು ಹಾಕುವುದನ್ನು ನೆನೆದುಕೊಂಡೆ, ಆಗಲಿಲ್ಲ.

"ಪಾಲು ಬ್ಯಾಡ" ಅಂದೆ. "ಕೂಲಿ ಕೊಡು. ಮುದ್ದೆ ನಮ್ಮನೇದು ತತ್ತೀನಿ."

ಅಣ್ಣ ಆಗ ನನ್ನ ಮುಖ ನೋಡಿದ. "ಆಯ್ತು ಬುಡು" ಅಂದು ಹೊರಟುಹೋದ.

ಗೋಲಿನ ಕಂಬ ನೆಟ್ಟವನು ನಾನು, ಕಿತ್ತವನೂ ನಾನೇ. ನಾಲೆಗೆ ನೀರು ಬಂದ ಮೇಲೆ ಮರಿಯಪ್ಪ ಮೊದಲ ಸರದಿಯನ್ನು ಅಲ್ಲಿಗೇ ತಿರುಗಿಸಿದ. ಹಲಗೆ ಹೊಡೆಯುವ ಕೆಲಸವೇ ಹೆಚ್ಚಿರಲಿಲ್ಲ. ನಾಟಿಯ ದಿನ ಕಂಬವಿದ್ದ ಗುಂಡಿಗಳಲ್ಲಿ ಹೆಂಗಸರು ಮಂಡಿಯವರೆಗೂ ಇಳಿದು, ಇದ್ಯಾವ ಬಾವಿ ತೋಡಿದ್ದೆ ಜವರಣ್ಣ ಅಂತ ಬೈದರು. ಹಾಸ್ಟೆಲಿನ ಜಗಲಿಯಿಂದ ಹೊಸ ಹುಡುಗರು ನೋಡುತ್ತಿದ್ದರು, ಅವರಿಗೆ ಅಲ್ಲಿ ಏನಿತ್ತೆಂದು ಗೊತ್ತಿರಲಿಲ್ಲ. ಮಧ್ಯಾಹ್ನ ಅಣ್ಣನ ಮನೆಯಿಂದ ಎಲ್ಲರಿಗೂ ಊಟ ಬಂತು. ನಾನು ನನ್ನ ಬುತ್ತಿ ಬಿಚ್ಚಿದೆ. ಅತ್ತಿಗೆ ಸಾರು ಹಿಡಿದುಕೊಂಡು ನನ್ನ ಮುಂದೆ ನಿಂತು, ಹಾಕಲೋ ಬೇಡವೋ ಅಂತ ಅಣ್ಣನ ಕಡೆ ನೋಡಿದರು. ಅಣ್ಣ ಬೇರೆ ಕಡೆ ನೋಡುತ್ತಿದ್ದ. ಮುಂದಕ್ಕೆ ಹೋದರು.

ಆ ಸುಗ್ಗಿಯಲ್ಲಿ ಬಯಲಿಗೆಲ್ಲ ಒಳ್ಳೆಯ ಬೆಳೆ ಬಂದದ್ದು ಅಲ್ಲೇ. ತಗ್ಗಿನಲ್ಲಿ ಕೊಳೆತಿಲ್ಲ, ದಿಬ್ಬದಲ್ಲಿ ಒಣಗಿಲ್ಲ, ತೆನೆಯೆಲ್ಲ ಒಂದೇ ಎತ್ತರಕ್ಕೆ ಬಾಗಿತ್ತು. ನಾನು ಇನ್ನೊಂದು ವರ್ಷ ಕೂಲಿ ಮಾಡಿ ಪಾಂಡವಪುರದ ಕಡೆ ಒಂದು ಆಲೆಮನೆಗೆ ಹೋದೆ, ಬೆಲ್ಲ ಕಾಯಿಸುವ ಕೆಲಸಕ್ಕೆ. ಆಮೇಲೆ ಅಲ್ಲೇ ಉಳಿದೆ. ಅಣ್ಣ ತೀರಿಕೊಂಡಾಗ ಊರಿಗೆ ಹೋಗಿದ್ದೆ. ಮರಿಯಪ್ಪ ಕೋಲು ಊರಿಕೊಂಡು ಬಂದು ಪಕ್ಕದಲ್ಲಿ ಕೂತ. ಯೂನಿವರ್ಸಿಟಿ ಗದ್ದೆಯ ಪೈರು ನೋಡಿ ದಾರಿಯಲ್ಲಿ ಯಾರು ನಿಂತು ಕೇಳಿದರೂ ಅಣ್ಣ, "ನಂದೇನಿಲ್ಲ, ಆ ಮಟ್ಟ ನನ್ ತಮ್ಮಂದು" ಅನ್ನುತ್ತಿದ್ದನಂತೆ. ಎಷ್ಟು ಸಲ ಅಂದಿದ್ದನೋ, ಮರಿಯಪ್ಪನಿಗೆ ಅದು ಬಾಯಿಪಾಠವಾಗಿತ್ತು. ನನ್ನ ಎದುರಿಗೆ ಒಂದು ಸಲವೂ ಅಂದಿರಲಿಲ್ಲ.